ಸಹಾಯ ಬೇಕು: ಹಳೇ ಕಾದಂಬರಿಯನ್ನು ಜ್ಞಾನ ಪೋಸ್ಟ್‌ನಲ್ಲಿ ಕಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆಯವಳು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡ ಒಂದು ಕನ್ನಡ ಕಾದಂಬರಿ ನಮ್ಮಲ್ಲಿ ಕೈಯಿಂದ ಕೈಗೆ ಸುತ್ತುತ್ತಿದೆ. ಓದಿದವರು ಕೊನೆಯ ಖಾಲಿ ಪುಟದಲ್ಲಿ ಊರಿನ ಹೆಸರು, ಎರಡು ಸಾಲು ಅಭಿಪ್ರಾಯ ಬರೆದು ಮುಂದಿನವರಿಗೆ ಕೊಡುತ್ತಾರೆ. ನಿಜ ಹೇಳಬೇಕೆಂದರೆ ಕಥೆಗಿಂತ ಆ ಪುಟವೇ ಜಾಸ್ತಿ ಮಜಾ! ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲ ಆಯಿತು. ಕೊಡಗಿನೊಳಗೆ ಯಾರಾದರೂ ಹೋಗುವವರ ಕೈಲಿ ಕೊಟ್ಟರೆ ಸಾಕಿತ್ತು.

ಈಗ ಬೀದರ್‌ನ ಓದುಗರೊಬ್ಬರು ಕೇಳಿದ್ದಾರೆ. ಕೊರಿಯರ್‌ನವರು ಹೇಳಿದ ದರ ಪುಸ್ತಕದ ಬೆಲೆಗಿಂತ ಜಾಸ್ತಿ. ಹಾಗಾಗಿ 2025ರ ಮೇ 1ರಿಂದ ಶುರುವಾದ ಅಂಚೆಯ ಜ್ಞಾನ ಪೋಸ್ಟ್ ಬಗ್ಗೆ ವಿಚಾರಿಸಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಆದರೆ ಅದು ಪಠ್ಯ, ಪರೀಕ್ಷೆ ತಯಾರಿ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗಂತೆ. ಪ್ರಕಾಶಕರ ಅಥವಾ ಮುದ್ರಕರ ಹೆಸರೂ ಇರಬೇಕಂತೆ. ನಮ್ಮ ಪ್ರತಿಯ ಮೊದಲ ಹಾಳೆಗಳು ಕಿತ್ತುಹೋಗಿವೆ. ಹಿಂದಿನ ರಟ್ಟಿನಲ್ಲಿ ಪ್ರಕಾಶಕರ ಹೆಸರು ಮಾತ್ರ ಉಳಿದಿದೆ.

ಕಾದಂಬರಿಯನ್ನು ಸಾಂಸ್ಕೃತಿಕ ಪುಸ್ತಕ ಅಂತ ತೆಗೆದುಕೊಳ್ಳುತ್ತಾರಾ? ರಟ್ಟಿನ ಮೇಲಿನ ಹೆಸರು ಸಾಕಾ? ಒಳಗೆ ಕೈಬರಹದ ಪುಟ ಇದ್ದರೆ ಅಡ್ಡಿಯಾಗುತ್ತದಾ? ಈ ಥರದ ಹಳೇ ಪುಸ್ತಕ ಕಳಿಸಿದವರು ದಯವಿಟ್ಟು ಹೇಳಿ. ಮಳೆ ಜೋರಾಗಿ ಪುಸ್ತಕಕ್ಕೆ ಬೂಸ್ಟು ಹಿಡಿಯುವ ಮೊದಲೇ ಕಳಿಸಬೇಕು.