ಮೀನು ಒಳ್ಳೆಯದಿತ್ತು, ಆದರೂ ಆ್ಯಪ್‌ಗೆ ಒಂದೇ ಸ್ಟಾರ್!

ಮಲ್ಪೆ_ಹುಡುಗ:
ಉಡುಪಿಯಲ್ಲಿ ಮನೆಗೆ ಮೀನು ತಲುಪಿಸುವ ಸಣ್ಣ ಆ್ಯಪ್ ನಮ್ಮದು. ಮೀನಿನ ಬಗ್ಗೆ ದೂರಿಲ್ಲ. ರಿವ್ಯೂ ಓದಿದರೆ ಮಾತ್ರ ತಲೆಬಿಸಿ. "ಓಪನ್ ಆಗ್ಲಿಕ್ಕೆ ಲೇಟ್." "ಹುಡುಗ ಎಲ್ಲಿದ್ದಾನೆ ಅಂತ ಮ್ಯಾಪಲ್ಲಿ ಕಾಣುವುದಿಲ್ಲ." ಬರೆದವರು ನನ್ನ ಅಮ್ಮನ ವಯಸ್ಸಿನವರು. ಮೊದಲು ಇವರೇ ಮೀನಿನವಳು ಬರುವವರೆಗೆ ಗೇಟಿನ ಹತ್ತಿರ ಕಾಯುತ್ತಿದ್ದರು ಅಲ್ವಾ? ಈಗ ಎಂತ ಆಯ್ತು?

ಹಂಪನಕಟ್ಟೆ_ಮೊಬೈಲ್:
ನೋಕಿಯಾ 1100 ಕಾಲದಿಂದ ಅಂಗಡಿ ಇಟ್ಟವನು ನಾನು. 2003ರ ಫೋನ್ ಅದು. ಆಗ ಗಿರಾಕಿ ಕೇಳುತ್ತಿದ್ದದ್ದು ಇಷ್ಟೇ: ಚಾರ್ಜ್ ಎಷ್ಟು ದಿನ ನಿಲ್ಲುತ್ತದೆ, ಟಾರ್ಚ್ ಉಂಟಾ, ಬಿದ್ದರೆ ಎಂತ ಆಗುತ್ತದೆ. ಧಕ್ಕೆಯವರು, ಅಂದರೆ ಮೀನಿನ ಬಂದರಲ್ಲಿ ಕೆಲಸ ಮಾಡುವವರು, ಒದ್ದೆ ಕೈಯಲ್ಲೇ ಗುಂಡಿ ಒತ್ತಿ ನೋಡುತ್ತಿದ್ದರು. ಕೀಪ್ಯಾಡ್ ಇಡೀ ಒಂದೇ ರಬ್ಬರ್ ಹಾಳೆ, ಧೂಳು ಒಳಗೆ ಹೋಗುತ್ತಿರಲಿಲ್ಲ. ದುಡ್ಡು ಕೊಟ್ಟು ಹೋದರೆ ಮುಗಿಯಿತು. ಕೊಂಡ ದಿನ ಫೋನ್ ಹೇಗಿತ್ತೋ ಕೊನೆವರೆಗೂ ಹಾಗೇ. ಹಾವಿನ ಆಟ ಇತ್ತು, ಅದನ್ನೇ ಆಡುತ್ತಿದ್ದರು.

2007ರಲ್ಲಿ ಐಫೋನ್ ಬಂದಾಗಲೂ ಹೊರಗಿನವರು ಮಾಡಿದ ಆ್ಯಪ್ ಹಾಕಲಿಕ್ಕೆ ದಾರಿ ಇರಲಿಲ್ಲ. ಕಾಪಿ-ಪೇಸ್ಟ್ ಕೂಡ ಇರಲಿಲ್ಲ ಮಾರಾಯ್ರೆ! 2008ರ ಜುಲೈಯಲ್ಲಿ 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಮೊದಲ ಆಂಡ್ರಾಯ್ಡ್ ಫೋನ್ ಬಂದದ್ದೂ ಅದೇ ವರ್ಷ. ನನ್ನ ಲೆಕ್ಕದಲ್ಲಿ ಟಚ್ ಸ್ಕ್ರೀನಿಗಿಂತ ಇದೇ ದೊಡ್ಡ ಸಂಗತಿ. ಕೊಂಡ ಮೇಲೂ ಫೋನಿಗೆ ಹೊಸ ಕೆಲಸ ಕಲಿಸಬಹುದು, ಅದೂ ಎಷ್ಟೋ ಸಲ ಪುಕ್ಕಟೆ ಅಂತ ಜನರಿಗೆ ಗೊತ್ತಾಯಿತು. ಒಮ್ಮೆ ಪುಕ್ಕಟೆ ಸಿಕ್ಕಿದ್ದನ್ನು ಆಮೇಲೆ ಜಬರ್ದಸ್ತಿಯಿಂದಲೇ ಕೇಳುವುದು.

ನಮ್ಮ ಕಡೆ ಅದು ಜೋರಾದದ್ದು 2016ರ ನಂತರ. ಯುಪಿಐ, ಜಿಯೋ ಎರಡೂ ಆ ವರ್ಷದವು. ಈಗ ಕೌಂಟರಿಗೆ ಬರುವ ದೂರು ಜಾಸ್ತಿ ಫೋನಿನದ್ದೇ ಅಲ್ಲ. ಮೊನ್ನೆ ಒಬ್ಬರು ಅಜ್ಜಿ, "ನೀನು ಕೊಟ್ಟ ಫೋನ್ ನನ್ನ ದುಡ್ಡು ನುಂಗಿತು" ಅಂತ ಬಂದರು. ನೋಡಿದರೆ ಬ್ಯಾಂಕಿನ ಸರ್ವರ್ ನಿಧಾನ, ಪರದೆಯಲ್ಲಿ ಚಕ್ರ ತಿರುಗುತ್ತಾ ಉಂಟು. ಬ್ಯಾಂಕ್, ನೆಟ್‌ವರ್ಕ್, ಆ್ಯಪ್ ಎಲ್ಲ ಅವರಿಗೆ ಫೋನೇ. ತಪ್ಪೇನಿಲ್ಲ, ಕೈಯಲ್ಲಿರುವುದು ಅದೊಂದೇ. ನಿಮ್ಮ ಆ್ಯಪನ್ನೂ ಅವರು ಬೇರೆ ಮೀನಿನ ಆ್ಯಪಿಗೆ ಹೋಲಿಸುವುದಿಲ್ಲ, ವಾಟ್ಸಾಪಿಗೆ ಹೋಲಿಸುತ್ತಾರೆ.

ಕಾರ್ಕಳ_ಓದುಗ:
ಅಣ್ಣಾ, ಕೆಲವು ನಿರೀಕ್ಷೆ ಇಳಿದೂ ಇದೆ. ಹಿಂದೆ ಎರಡು ದಿನ ಚಾರ್ಜ್ ನಿಲ್ಲದಿದ್ದರೆ ಆ ಫೋನ್ ದಂಡ. ಈಗ ದಿನಾ ರಾತ್ರಿ ಚಾರ್ಜಿಗೆ ಹಾಕುವುದು ಮಾಮೂಲು. ಬ್ಯಾಟರಿ ನಾವೇ ತೆಗೆದು ಹಾಕುತ್ತಿದ್ದೆವು, ಈಗ ಅದಕ್ಕೂ ನಿಮ್ಮಲ್ಲಿಗೇ ಬರಬೇಕು. ಅದಕ್ಕೆ ಯಾರೂ ಒಂದು ಸ್ಟಾರ್ ಕೊಡುವುದಿಲ್ಲ!

ಹಂಪನಕಟ್ಟೆ_ಮೊಬೈಲ್:
ಹೌದು, ನನಗದು ವ್ಯಾಪಾರ. 😄 ಮಲ್ಪೆಯವರೇ, ಆ್ಯಪನ್ನು ನಿಮ್ಮ ಹೊಸ ಫೋನಲ್ಲಿ ಪರೀಕ್ಷೆ ಮಾಡಬೇಡಿ. ಗುಡ್ ಮಾರ್ನಿಂಗ್ ಫೋಟೋ ತುಂಬಿ ಜಾಗವೇ ಇಲ್ಲದ ಅಮ್ಮನ ಫೋನಲ್ಲಿ ಮಾಡಿ. ಮ್ಯಾಪ್ ಸದ್ಯ ಬೇಡ. ಹುಡುಗ ಹೊರಟ ಕೂಡಲೇ ಒಂದು ಮೆಸೇಜ್ ಹೋದರೆ ಸಾಕು.

ಮಲ್ಪೆ_ಹುಡುಗ:
ಸರಿ, ಮೆಸೇಜ್ ಮಾಡ್ತೇವೆ. ಆದರೆ ಜುಲೈಯಲ್ಲಿ "ಅಂಜಲ್ ಯಾಕಿಲ್ಲ" ಅಂತ ಒಂದು ಸ್ಟಾರ್ ಕೊಟ್ಟವರಿಗೆ ಎಂತ ಹೇಳುವುದು? ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್‌ಬೋಟ್ ಕಡಲಿಗೇ ಇಳಿಯುವುದಿಲ್ಲ!

ಹಂಪನಕಟ್ಟೆ_ಮೊಬೈಲ್:
ಆ್ಯಪಲ್ಲಿ ಹಾಗಂತ ಬರೆದಿದ್ದೀರಾ? ಮೊದಲ ಪರದೆಯಲ್ಲೇ ಹಾಕಿ, ದೊಡ್ಡ ಅಕ್ಷರದಲ್ಲಿ.