ಸಿ-6 ಮಸೂದೆ, ಸೆನೆಟರ್ ರತ್ನಾ ಓಮಿದ್ವಾರ್ ಮತ್ತು ನಮ್ಮ ಮಕ್ಕಳು

ಆತ್ಮೀಯರೇ,

ಹತ್ತನೇ ತರಗತಿಯ ಮಗನಿಗೆ ಸಿವಿಕ್ಸ್ ಪಾಠಕ್ಕಾಗಿ ಕೆನಡಾ ಸಂಸತ್ತಿನ ಒಬ್ಬ ಸದಸ್ಯರ ಬಗ್ಗೆ ಬರೆಯಬೇಕಾಗಿದೆ, ಯಾರನ್ನು ಆರಿಸಿಕೊಳ್ಳಲಿ ಎಂದು ಕಳೆದ ವಾರ ಕೆನಡಾದಲ್ಲಿರುವ ನಮ್ಮ ಕನ್ನಡ ಬಳಗದಲ್ಲೊಬ್ಬ ತಾಯಿ ಕೇಳಿದ್ದರು. ಹಲವರು ಮಾಜಿ ಸಂಸದ ಚಂದ್ರ ಆರ್ಯ ಅವರ ಹೆಸರು ಹೇಳಿದಿರಿ. ಶಿರಾ ತಾಲ್ಲೂಕಿನ ಮೂಲದವರೊಬ್ಬರು 2022ರ ಮೇ ತಿಂಗಳಲ್ಲಿ ಇಲ್ಲಿನ ಕೆಳಮನೆಯಲ್ಲಿ ನಿಂತು ಕನ್ನಡದಲ್ಲಿ ಮಾತನಾಡಿದ್ದನ್ನು ನಾವೂ ಮನೆಮಂದಿಯೆಲ್ಲ ಕೂತು ನೋಡಿದೆವು, ಆ ಹೆಮ್ಮೆ ಈಗಲೂ ಇದೆ. ಆದರೂ ನನ್ನ ಮಗಳಿಗೆ ಇದೇ ಪಾಠ ಬಂದಾಗ ನಾನು ಸೂಚಿಸಿದ್ದು ಸೆನೆಟರ್ ರತ್ನಾ ಓಮಿದ್ವಾರ್ ಅವರನ್ನು. ನಮ್ಮಂಥ ಕುಟುಂಬಗಳ ದಿನನಿತ್ಯದ ಲೆಕ್ಕವನ್ನೇ ಬದಲಿಸಿದ, ಸಿ-6 ಎಂಬ ಪೌರತ್ವದ ಕಾನೂನೊಂದು ಅವರ ಕೈಯಿಂದ ಮೇಲ್ಮನೆಯಾದ ಸೆನೆಟನ್ನು ದಾಟಿ ಬಂದಿತೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ.

ರತ್ನಾ ಅವರು ಅಮೃತಸರದಲ್ಲಿ ಹುಟ್ಟಿದವರು. ಜರ್ಮನಿಯಲ್ಲಿ ಓದಿ, ಇರಾನಿನವರನ್ನು ಮದುವೆಯಾಗಿ ಇರಾನಿನಲ್ಲಿ ನೆಲೆಸಿ, ಅಲ್ಲಿನ ಕ್ರಾಂತಿಯ ನಂತರ ದೇಶ ಬಿಟ್ಟು 1981ರಲ್ಲಿ ಕೆನಡಾಕ್ಕೆ ಬಂದರು. ವಲಸಿಗರಿಗೆ ಉದ್ಯೋಗ ಮತ್ತು ನೆಲೆ ಒದಗಿಸುವ ಕೆಲಸದಲ್ಲಿ ದಶಕಗಳನ್ನು ಕಳೆದ ಮೇಲೆ 2016ರಲ್ಲಿ ಪಕ್ಷೇತರರಾಗಿ ಸೆನೆಟ್‌ಗೆ ನೇಮಕಗೊಂಡರು. ಇಲ್ಲಿನ ಸೆನೆಟ್‌ಗೆ ಚುನಾವಣೆ ಇಲ್ಲ. 105 ಸ್ಥಾನಗಳಿಗೂ ನೇಮಕವೇ, 75 ವರ್ಷ ತುಂಬುವವರೆಗೆ. ಹಾಗಾಗಿ ಅವರು 2024ರ ನವೆಂಬರಿನಲ್ಲಿ ನಿವೃತ್ತರಾದರು.

ಇನ್ನು ಆ ಕಾನೂನಿನ ವಿಷಯ. 2013ರಲ್ಲಿ ವರ್ಕ್ ಪರ್ಮಿಟ್ ಮೇಲೆ ಬಂದ ನಮಗೆ ಪಿಆರ್ (ಶಾಶ್ವತ ನಿವಾಸಿ ಸ್ಥಾನ) ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ. ಅದೇ ವರ್ಷದ ಜೂನ್‌ನಿಂದ ನಿಯಮ ಬಿಗಿಯಾಗಿತ್ತು. ಪೌರತ್ವಕ್ಕೆ ಆರು ವರ್ಷಗಳಲ್ಲಿ 1,460 ದಿನ ಇಲ್ಲಿ ಇರಬೇಕು, ಅದರಲ್ಲೂ ನಾಲ್ಕು ವರ್ಷ ತಲಾ 183 ದಿನ ಇರಲೇಬೇಕು, ಪಿಆರ್‌ಗೆ ಮುಂಚಿನ ದಿನಗಳಿಗೆ ಲೆಕ್ಕವೇ ಇಲ್ಲ. ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಊರಿಗೆ ಹೋದ ಪ್ರತಿ ದಿನಕ್ಕೂ ನಮ್ಮ ಯಜಮಾನರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು. ಮಾವನವರು ತೀರಿಕೊಂಡಾಗ ದಾವಣಗೆರೆಗೆ ಹೋಗಿ ಕಾರ್ಯವೆಲ್ಲ ಮುಗಿಸಿ ಬಂದ ಇಪ್ಪತ್ಮೂರು ದಿನಗಳಿಗೂ ಹಾಗೇ ಸುತ್ತು ಬಿದ್ದಿತ್ತು. ತಂದೆಯನ್ನು ಕಳೆದುಕೊಂಡು ಬಂದ ಮನುಷ್ಯ ಸೂಟ್‌ಕೇಸನ್ನೂ ಬಿಚ್ಚದೆ ಪಾಸ್‌ಪೋರ್ಟಿನ ಮುದ್ರೆ ನೋಡಿ ದಿನ ಎಣಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಿ-6 ಮಸೂದೆ ಈ ಲೆಕ್ಕವನ್ನು ಬದಲಿಸಿತು. ಐದು ವರ್ಷಗಳಲ್ಲಿ 1,095 ದಿನ ಸಾಕೆಂದಿತು; ಪಿಆರ್‌ಗೆ ಮುಂಚೆ ತಾತ್ಕಾಲಿಕ ನಿವಾಸಿಯಾಗಿ ಕಳೆದ ಪ್ರತಿ ದಿನಕ್ಕೂ ಅರ್ಧ ದಿನದಂತೆ, ಹೆಚ್ಚೆಂದರೆ 365 ದಿನಗಳವರೆಗೆ, ಲೆಕ್ಕ ಕೊಟ್ಟಿತು. 14ರಿಂದ 64 ವರ್ಷದವರೆಗೆ ಕಡ್ಡಾಯವಾಗಿದ್ದ ಭಾಷೆ ಮತ್ತು ತಿಳಿವಳಿಕೆಯ ಪರೀಕ್ಷೆಯನ್ನು 18ರಿಂದ 54ಕ್ಕೆ ಇಳಿಸಿತು. ನಿವಾಸದ ಅವಧಿ ಮತ್ತು ವಯಸ್ಸಿನ ಈ ಬದಲಾವಣೆಗಳು 2017ರ ಅಕ್ಟೋಬರ್ 11ರಂದು ಜಾರಿಗೆ ಬಂದವು. 2019ರ ಕೊನೆಯವರೆಗೆ ಕಾಯಬೇಕಾಗಿದ್ದ ನಾವು 2018ರ ಆರಂಭದಲ್ಲೇ ಅರ್ಜಿ ಹಾಕಿದೆವು.

ಕೆಳಮನೆ 2016ರ ಜೂನ್‌ನಲ್ಲೇ ಈ ಮಸೂದೆಯನ್ನು ಒಪ್ಪಿತ್ತು. ಸೆನೆಟ್‌ನಲ್ಲಿ ಅದನ್ನು ಮುನ್ನಡೆಸುವ ಹೊಣೆ ಹೊತ್ತವರು, ಆಗಷ್ಟೇ ಸೆನೆಟ್‌ಗೆ ಬಂದಿದ್ದ ರತ್ನಾ ಅವರು. ಮಸೂದೆಯನ್ನು ಮುನ್ನಡೆಸುವುದೆಂದರೆ ಒಂದು ಭಾಷಣ ಮಾಡಿ ಕೂರುವುದಲ್ಲ. ಪ್ರತಿಯೊಂದು ಕಲಮನ್ನೂ ಸದನಕ್ಕೆ ಬಿಡಿಸಿ ಹೇಳಬೇಕು, ವಿರೋಧಿಸುವವರ ಪ್ರಶ್ನೆಗೆ ನಿಂತಲ್ಲೇ ಉತ್ತರಿಸಬೇಕು, ಸಮಿತಿಯಲ್ಲಿ ಸಾಕ್ಷಿ ನುಡಿದವರ ಮಾತನ್ನು ಕೇಳಬೇಕು, ತಿದ್ದುಪಡಿ ಬಂದಾಗ ಯಾವುದರಿಂದ ಮಸೂದೆ ಗಟ್ಟಿಯಾಗುತ್ತದೆ, ಯಾವುದರಿಂದ ಕೆಡುತ್ತದೆ ಎಂದು ತೂಗಿ ನೋಡಬೇಕು. ಇದು ಸುಮಾರು ಒಂದು ವರ್ಷ ನಡೆಯಿತು.

ಆ ವರ್ಷದ ಕೆಲಸದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಮಕ್ಕಳಿಗೆ ಸಂಬಂಧಿಸಿದ ತಿದ್ದುಪಡಿ. ಅಲ್ಲಿಯವರೆಗೆ ಹದಿನೆಂಟು ತುಂಬದ ಮಗು ಪೌರತ್ವ ಪಡೆಯಬೇಕಾದರೆ ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕಿತ್ತು, ಇಲ್ಲವೇ ಜೊತೆಯಲ್ಲೇ ಪ್ರಜೆಯಾಗಬೇಕಿತ್ತು. ಹಾಗಿಲ್ಲದ ಮಗು ಮಾನವೀಯ ನೆಲೆಯಲ್ಲಿ ವಿನಾಯಿತಿ ಬೇಡಬೇಕಿತ್ತು. ತಾನೇ ಅರ್ಜಿ ಹಾಕುವ ದಾರಿಯನ್ನು ಮಗುವಿಗೆ ತೆರೆಯುವ ತಿದ್ದುಪಡಿ ತಂದವರು ಸೆನೆಟರ್ ವಿಕ್ಟರ್ ಓ, ಸಿಂಗಾಪುರದಲ್ಲಿ ಹುಟ್ಟಿದ ಕನ್ಸರ್ವೇಟಿವ್ ಸದಸ್ಯರು. ಲಿಬರಲ್ ಸರ್ಕಾರದ ಮಸೂದೆಗೆ ವಿರೋಧ ಪಕ್ಷದವರು ತಂದ ಈ ತಿದ್ದುಪಡಿಯನ್ನು ಸೆನೆಟ್ ಒಪ್ಪಿತು, ಕೆಳಮನೆಯೂ ಅಲ್ಪ ಮಾರ್ಪಾಡಿನೊಂದಿಗೆ ಉಳಿಸಿಕೊಂಡಿತು.

ಇದು ನಮಗೆ ಎಷ್ಟು ಹತ್ತಿರದ ವಿಷಯವೆಂದು ಯೋಚಿಸಿ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಬೇರೆ ದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವವಲ್ಲ, ಅದರ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಈ ಕಾರಣಕ್ಕೋ, ಎಂದಾದರೂ ಊರಿಗೆ ಮರಳುವ ಆಸೆಗೋ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡ ತಂದೆತಾಯಿ ನಮ್ಮಲ್ಲಿದ್ದಾರೆ. ಅಂಥವರ ಹದಿನೈದು ವರ್ಷದ ಮಗಳು ಇಂದು ನಿಗದಿತ ದಿನಗಳನ್ನು ಇಲ್ಲಿ ಕಳೆದಿದ್ದರೆ ತನ್ನ ಹೆಸರಿನಲ್ಲೇ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಾಕಬೇಕೋ ಬೇಡವೋ ಎಂಬುದು ಮನೆಯಲ್ಲಿ ಕೂತು ತೀರ್ಮಾನಿಸುವ ಮಾತು, ಏಕೆಂದರೆ ಅದರೊಂದಿಗೆ ಅವಳ ಭಾರತೀಯ ಪೌರತ್ವ ಹೋಗುತ್ತದೆ.

ಆಲ್ಬರ್ಟಾದ ಸೆನೆಟರ್ ಇಲೇನ್ ಮೆಕಾಯ್ ತಂದ ತಿದ್ದುಪಡಿ, ವಂಚನೆಯ ಆರೋಪದ ಮೇಲೆ ಪೌರತ್ವ ಕಳೆದುಕೊಳ್ಳುವವರಿಗೆ ನ್ಯಾಯಾಲಯದ ವಿಚಾರಣೆಯ ಹಕ್ಕು ಕೊಟ್ಟಿತು. ಭಾಷಾ ಪರೀಕ್ಷೆಯ ವಯೋಮಿತಿಯನ್ನು 54ರಿಂದ 59ಕ್ಕೆ ಏರಿಸುವ ಮತ್ತೊಂದು ತಿದ್ದುಪಡಿಯನ್ನೂ ಸೆನೆಟ್ ಒಪ್ಪಿತ್ತು, ಆದರೆ ಕೆಳಮನೆ ಅದನ್ನು ತಳ್ಳಿಹಾಕಿತು. ನನ್ನ ಮಟ್ಟಿಗೆ ಕೆಳಮನೆ ಮಾಡಿದ್ದು ಸರಿ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಐವತ್ತಾರನೇ ವಯಸ್ಸಿಗೆ ಹಳ್ಳಿ ಬಿಟ್ಟು ಬಂದ ತಾಯಿಗೆ ಇಂಗ್ಲಿಷ್ ಪರೀಕ್ಷೆಯ ಭಯ ಹುಟ್ಟಿಸಿ ಸಾಧಿಸುವುದು ಏನೂ ಇಲ್ಲ. ಕಡೆಗೆ 2017ರ ಜೂನ್ 19ರಂದು ಮಸೂದೆಗೆ ಅಂಕಿತ ಬಿತ್ತು.

ರತ್ನಾ ಅವರ ಇನ್ನೊಂದು ಕೆಲಸ ನಮ್ಮ ಸಂಘಗಳಿಗೆ ಸಂಬಂಧಿಸಿದ್ದು. ಇಲ್ಲಿ ದತ್ತಿ ಸಂಸ್ಥೆಯಾಗಿ ನೋಂದಾಯಿಸಿಕೊಂಡ ಸಂಘ, ಅಂಥ ನೋಂದಣಿ ಇಲ್ಲದ ಸಂಸ್ಥೆಯೊಂದಕ್ಕೆ, ಉದಾಹರಣೆಗೆ ಕರ್ನಾಟಕದ ಒಂದು ಶಾಲೆಗೆ, ನೆರವಾಗಬೇಕಾದರೆ ಆ ಕೆಲಸವನ್ನು ತನ್ನದೇ ಕೆಲಸವೆಂಬಂತೆ ಸಂಪೂರ್ಣವಾಗಿ ತಾನೇ ನಿರ್ದೇಶಿಸಿ ನಿಯಂತ್ರಿಸಬೇಕೆಂಬ ನಿಯಮವಿತ್ತು. ಅದನ್ನು ಸಡಿಲಿಸಿ ಹೊಣೆಗಾರಿಕೆಯ ಷರತ್ತುಗಳನ್ನು ಇಡುವ ಎಸ್-216 ಮಸೂದೆಯನ್ನು ಅವರು ಮಂಡಿಸಿದರು. ಅದರ ಮುಖ್ಯ ಆಶಯ 2022ರ ಬಜೆಟ್ ಕಾನೂನಿನ ಮೂಲಕ ಜಾರಿಗೆ ಬಂತು. ಹಣ ಪಡೆಯುವ ಕಡೆಯಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಭಾರತದ ಎಫ್‌ಸಿಆರ್‌ಎ ಕಾಯ್ದೆಯ ನಿಯಮಗಳು ಬೇರೆಯೇ ಇವೆ, ಅವುಗಳನ್ನು ಮರೆಯುವಂತಿಲ್ಲ. ನಿವೃತ್ತಿಯ ವರ್ಷದಲ್ಲಿ ಅವರ ಅಧ್ಯಕ್ಷತೆಯ ಸಮಿತಿ, ಕೆಲಸಗಾರರನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ವರ್ಕ್ ಪರ್ಮಿಟ್ ಪದ್ಧತಿಯನ್ನು ಹಂತಹಂತವಾಗಿ ಕೈಬಿಡಬೇಕೆಂದು ವರದಿ ಕೊಟ್ಟಿತು. ಅಂಥ ಪರ್ಮಿಟ್ ಮೇಲೆ ಇಲ್ಲಿ ದುಡಿಯುವ ನಮ್ಮ ಹುಡುಗರ ಪಾಡು ಗೊತ್ತಿರುವವರಿಗೆ ಆ ಶಿಫಾರಸಿನ ತೂಕ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದ ತಾಯಿಗೆ ಒಂದು ಸಲಹೆ. ಸೆನೆಟ್ ಕಲಾಪದ ಪೂರ್ತಿ ವರದಿ ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಗನನ್ನು ಮೊದಲೇ ದೊಡ್ಡ ಭಾಷಣಗಳಿಗೆ ಕೂರಿಸಬೇಡಿ. ಮಕ್ಕಳ ತಿದ್ದುಪಡಿಯ ಮೇಲೆ ನಡೆದ ಚರ್ಚೆಯಿಂದ ಶುರುಮಾಡಲಿ. ನನ್ನ ಮಗಳು ಅಲ್ಲಿಂದಲೇ ಹಿಡಿದು, ನಮ್ಮ ಹಳೆಯ ಕ್ಯಾಲೆಂಡರನ್ನು ಅಟ್ಟದ ಪೆಟ್ಟಿಗೆಯಿಂದ ತೆಗೆಸಿ, ಕೆಂಪು ಸುತ್ತುಗಳಿದ್ದ ಪುಟದ ಚಿತ್ರವನ್ನು ಪ್ರಬಂಧದ ಮೊದಲ ಹಾಳೆಗೆ ಅಂಟಿಸಿದಳು. ಶನಿವಾರದ ಕನ್ನಡ ತರಗತಿ ಮುಗಿದ ಮೇಲೆ ನಿಮ್ಮ ಮಗನೊಡನೆ ಒಂದು ಗಂಟೆ ಕೂರಲು ಅವಳು ಒಪ್ಪಿದ್ದಾಳೆ. ಬರುವುದಾದರೆ ತಿಳಿಸಿ.