18 ದಾಟಿದ ಅಂಗವಿಕಲರಿಗೆ ವಸತಿ ಕೇಂದ್ರವೋ, ಅವರವರ ಮನೆಯೋ? ಗ್ರಾಮಸಭೆಗೆ ಮೊದಲು ಒಂದು ಚರ್ಚೆ

ಪೆರ್ಲದವ:
ಬರುವ ಗ್ರಾಮಸಭೆಯಲ್ಲಿ ನಮ್ಮ ಕಾಸರಗೋಡು ಕಡೆಯ ಪಂಚಾಯತಿನವರು ಒಂದು ಯೋಜನೆ ಮುಂದಿಡುತ್ತಿದ್ದಾರೆ. ಬಡ್ಸ್ ಶಾಲೆಯಲ್ಲಿ (ಬೌದ್ಧಿಕ ಅಂಗವೈಕಲ್ಯದವರ ವಿಶೇಷ ಶಾಲೆ) 18 ದಾಟಿದವರು, ಎಂಡೋಸಲ್ಫಾನ್ ಕೀಟನಾಶಕದ ಪೀಡಿತರ ಪಟ್ಟಿಯಲ್ಲಿದ್ದು ಹಾಸಿಗೆ ಹಿಡಿದವರು, ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಎಲ್ಲರನ್ನೂ ಸೇರಿಸಿ ಗುಡ್ಡೆಯ ಮೇಲೆ ಒಂದು ವಸತಿ ಕೇಂದ್ರ. ದಯವಿಟ್ಟು ಇದಕ್ಕೆ ಕೈ ಎತ್ತಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ನೋಡಿ: ಸಮುದಾಯದಲ್ಲಿ ಬದುಕುವುದು ಅವರ ಹಕ್ಕು, ಇಂಥ ಕಡೆಯೇ ಇರಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಅದೇ ದುಡ್ಡಿನಲ್ಲಿ ಮನೆಮನೆಯ ಬಚ್ಚಲು, ಬಾಗಿಲು, ಜಗಲಿ ಸರಿಮಾಡಿಸಲಿ. ಬೆಳಗ್ಗೆ, ಸಂಜೆ ಬರುವ ಸಹಾಯಕರನ್ನು ಅದೇ ವಾರ್ಡಿನಿಂದ ನೇಮಿಸಲಿ. ಜಗಲಿಗೆ ಗಾಲಿಕುರ್ಚಿ ಹತ್ತುವ ಹಾಗೆ ಇಳಿಜಾರಿನ ಒಂದು ರ‍್ಯಾಂಪ್ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಸೀತಾಂಗೋಳಿ ಅಕ್ಕ:
"ಅರ್ಧ ಸಮಸ್ಯೆ ಮುಗಿಯುತ್ತದೆ" ಅಂತ ಬರೆದವರು ರಾತ್ರಿಯ ಲೆಕ್ಕ ಹಾಕಿಲ್ಲ. ತಾವಾಗಿ ಹೊರಳಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹತ್ತು ಗಂಟೆಗೆ ಮಲಗಿಸಿದರೆ ಹನ್ನೆರಡು, ಎರಡು, ನಾಲ್ಕು, ಆರು, ನಾಲ್ಕು ಸಲ ಏಳಬೇಕು. ಎರಡು ರಾತ್ರಿ ತಪ್ಪಿದರೆ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗುತ್ತದೆ, ಒತ್ತಿ ಬಿಟ್ಟರೂ ಆ ಕೆಂಪು ಹೋಗದಿದ್ದರೆ ಒಳಗೆ ಹುಣ್ಣು ಶುರುವಾಗಿದೆ ಅಂತಲೇ ಲೆಕ್ಕ. ನಿಮ್ಮ ಬೆಳಗ್ಗೆ-ಸಂಜೆಯ ಸಹಾಯಕಿ ಆ ಹೊತ್ತಿಗೆ ಅವಳ ಮನೆಯಲ್ಲಿ ಮಲಗಿರುತ್ತಾಳೆ. ಏಳುವುದು ತಾಯಿ. ಆ ತಾಯಿಗೆ ಎಪ್ಪತ್ತಾದ ಮೇಲೆ? ಕೇರಳ ಸರಕಾರದ ಆಶ್ವಾಸಕಿರಣ ಯೋಜನೆಯಲ್ಲಿ ಆರೈಕೆ ಮಾಡುವವರಿಗೆ ಇಟ್ಟದ್ದು ತಿಂಗಳಿಗೆ 600 ರೂಪಾಯಿ. ಮುಳಿಯಾರಿನಲ್ಲಿ ಸರಕಾರ ಎಂಡೋಸಲ್ಫಾನ್ ಪೀಡಿತರ ಪುನರ್ವಸತಿ ಗ್ರಾಮಕ್ಕೆ ಕೈ ಹಾಕಿದ್ದು ಸುಮ್ಮನೆ ಅಲ್ಲ.

ಹೊಸಂಗಡಿ ವಕೀಲ:
"ಒತ್ತಾಯಿಸುವಂತಿಲ್ಲ" ಎಂದು ಕಾಯ್ದೆ ಖಡಾಖಂಡಿತವಾಗಿ ಹೇಳುವುದಿಲ್ಲ. 5ನೇ ಸೆಕ್ಷನ್ನಿನ ಒಂದನೇ ಉಪವಿಭಾಗ ಹಕ್ಕನ್ನು ಹೇಳುತ್ತದೆ, ಸರಿ. ಎರಡನೆಯದರಲ್ಲಿ ಸರಕಾರ "ಪ್ರಯತ್ನಿಸತಕ್ಕದ್ದು" ಎಂದಷ್ಟೇ ಇದೆ. ಏನಕ್ಕೆ ಪ್ರಯತ್ನ? ಇಂಥ ಕಡೆಯೇ ಇರಬೇಕೆಂಬ ಕಟ್ಟುಪಾಡು ಇಲ್ಲದಂತೆ ನೋಡಿಕೊಳ್ಳಲು, ಮತ್ತು ಮನೆಯೊಳಗಿನ ನೆರವು, ವಸತಿ ನೆರವು, ಇತರ ಸಮುದಾಯ ನೆರವು, ಇವೆಲ್ಲ ಸಿಗುವಂತೆ ಮಾಡಲು. ವಸತಿ ಎಂಬುದು ಕಾಯ್ದೆಯ ಒಳಗೇ ಇರುವಾಗ ಕೇಂದ್ರ ಕಾನೂನುಬಾಹಿರ ಎಂಬಂತೆ ಬರೆಯಬೇಡಿ.

ಪೆರ್ಲದವ:
ವಕೀಲರೇ, ಅದೇ ವಾಕ್ಯದಲ್ಲಿ ವೈಯಕ್ತಿಕ ಸಹಾಯ ಎಂದೂ ಇದೆಯಲ್ಲ, ಅದನ್ನು ಯಾಕೆ ಬಿಟ್ಟಿರಿ? ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿದೆ. ಅದರ 19ನೇ ವಿಧಿಯಲ್ಲಿ ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಎಂಬ ಆಯ್ಕೆ ಇತರರಷ್ಟೇ ಇವರಿಗೂ ಇದೆ. ಗುಡ್ಡೆಯ ಮೇಲಿನ ಕಟ್ಟಡದಲ್ಲಿ ಯಾರ ಪಕ್ಕ ಮಲಗಬೇಕು, ಎಷ್ಟು ಗಂಟೆಗೆ ಉಣ್ಣಬೇಕು ಎಂದು ನಿರ್ಧರಿಸುವುದು ಅಲ್ಲಿಯ ಸಿಬ್ಬಂದಿ. ರ‍್ಯಾಂಪ್ ಹಾಕುವುದು ಅದಕ್ಕಿಂತ ಎಷ್ಟೋ ಸುಲಭ.

ಮುಳ್ಳೇರಿಯ ಮೇಸ್ತ್ರಿ:
"ಎಷ್ಟೋ ಸುಲಭ" ಅಂತ ಹೇಳ್ಬೇಡಿ ಮಾರಾಯ್ರೆ. ನಮ್ಮ ಕಡೆಯ ಜಗಲಿಗೆ ಮೂರು ಮೆಟ್ಟಿಲು, ಒಂದೊಂದು 15 ಸೆಂಟಿಮೀಟರ್, ಒಟ್ಟು 45. ನಿಯಮದ ಪ್ರಕಾರ 1:12, ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ, ಅಂದ್ರೆ 5.4 ಮೀಟರ್. ಮೇಲೆ, ಕೆಳಗೆ ಗಾಲಿಕುರ್ಚಿ ತಿರುಗಲಿಕ್ಕೆ 1.5 ಮೀಟರಿನ ಸಮತಟ್ಟು. ಕೂಡಿಸಿದ್ರೆ 8.4 ಮೀಟರ್. ಗುಡ್ಡೆ ಕಡಿದು ಮಾಡಿದ ಅಂಗಳ ಐದು ಮೀಟರಿಗೆ ಮುಗೀತದೆ, ಅಲ್ಲಿಂದ ಕೆಳಗೆ ದರೆ, ದರೆಯ ಬುಡದಲ್ಲಿ ತೋಟ. 1:8 ಹಾಕಿದ್ರೆ 3.6 ಮೀಟರ್, ಹಿಂದಿನಿಂದ ಒಬ್ಬರು ನೂಕಿದ್ರೆ ಆರಾಮ ಹತ್ತುತ್ತದೆ. ಅಮೆರಿಕದ ನಿಯಮದಲ್ಲೂ 1:8 ಉಂಟು.

ಫಿಸಿಯೋ ನೀರ್ಚಾಲು:
"ಒಬ್ಬರು ನೂಕಿದರೆ" ಎಂದಾದರೆ ರ‍್ಯಾಂಪ್ ಯಾರಿಗೆ? ತಾನಾಗಿ ಹೊರಗೆ ಹೋಗಿ ಬರಲೆಂದಲ್ಲವೇ ಕಟ್ಟುವುದು? ಲೆಕ್ಕ ನೋಡಿ. ಮನುಷ್ಯ 60 ಕೆಜಿ, ಕುರ್ಚಿ 18 ಕೆಜಿ, ಒಟ್ಟು 78. 1:12ರಲ್ಲಿ ಹತ್ತಲು ಸುಮಾರು 6.5 ಕೆಜಿ ಭಾರ ಎತ್ತುವಷ್ಟು ಬಲ ಬೇಕು, 1:8ರಲ್ಲಿ 9.7 ಕೆಜಿ. ಗಾಲಿಯ ಘರ್ಷಣೆ ಬೇರೆ. ಎದೆಯಿಂದ ಕೆಳಗೆ ಸ್ವಾಧೀನವಿಲ್ಲದವರು ಹತ್ತುವಾಗ ಮುಂದಕ್ಕೆ ಬಾಗಲಾರರು, ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಮುಂದಿನ ಸಣ್ಣ ಚಕ್ರ ಎದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಮೆರಿಕದ 1:8 ಇರುವುದು ಜಾಗವೇ ಇಲ್ಲದ ಹಳೆಯ ಕಟ್ಟಡಕ್ಕೆ, ಅದೂ 75 ಮಿಲಿಮೀಟರ್ ಏರಿನವರೆಗೆ ಮಾತ್ರ. ನಿಮ್ಮದು 450. ಮಳೆಯಲ್ಲಿ ಇಳಿಯುವಾಗ ಚಕ್ರ ತಿರುಗಿಸುವ ಹಿಡಿಬಳೆ ಒದ್ದೆಯಾಗಿ ಹಿಡಿತ ಜಾರಿದರೆ ನೇರ ದರೆಗೇ.

ಮುಳ್ಳೇರಿಯ ಮೇಸ್ತ್ರಿ:
ಮಳೆಯಲ್ಲಿ ಜಾರುದು ಏರಿನಿಂದ ಅಲ್ಲ, ನೆಲದ ಮೈಯಿಂದ. ಟೈಲ್ಸ್ ಹಾಕಿದ 1:12ಕ್ಕಿಂತ ಒರಟು ಕಾಂಕ್ರೀಟಿನ 1:8 ವಾಸಿ. ಕಾಂಕ್ರೀಟ್ ಸುರಿದ ಮೇಲೆ ಅದರ ಮೈಯಲ್ಲಿ ನಿಂತ ನೀರು ಆರಬೇಕು, ಹೆಬ್ಬೆರಳು ಒತ್ತಿದ್ರೆ ಸಣ್ಣ ಗುರುತು ಬೀಳುವಷ್ಟು ಗಟ್ಟಿಯಾದಾಗ ಹಿಡಿಸೂಡಿಯಲ್ಲಿ ಅಡ್ಡಕ್ಕೆ ಗೆರೆ ಎಳೀಬೇಕು. ಉದ್ದಕ್ಕೆ ಎಳೆದ್ರೆ ಗೆರೆಯೇ ನೀರಿನ ತೋಡು. ಬೇಗ ಎಳೆದ್ರೆ ಜಲ್ಲಿ ಏಳ್ತದೆ, ತಡ ಮಾಡಿದ್ರೆ ಗೆರೆಯೇ ಬೀಳುದಿಲ್ಲ. ಆಮೇಲೆ ಏಳು ದಿನ ಒದ್ದೆ ಗೋಣಿ ಹೊದೆಸಿ ಇಡಬೇಕು. ಆಟಿ ತಿಂಗಳ ಮಳೆಯಲ್ಲಿ ಪಾಚಿ ಹಿಡಿದೇ ಹಿಡೀತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವವರು ಇಲ್ಲದಿದ್ರೆ ಯಾವ ಲೆಕ್ಕವೂ ನಿಲ್ಲುದಿಲ್ಲ.

ಫಿಸಿಯೋ ನೀರ್ಚಾಲು:
ಒರಟು ಮೈ ಬೇಕು, ಹೌದು. ಏರು ಕಡಿಮೆಯಾಗಲೂ ಬೇಕು. ಉದ್ದಕ್ಕೆ ಜಾಗವಿಲ್ಲದಿದ್ದರೆ ನೇರ ಯಾಕೆ ಇಳಿಸುತ್ತೀರಿ? ಜಗಲಿಯ ಗೋಡೆಗೆ ತಾಗಿ 2.7 ಮೀಟರ್, ಮೂಲೆಯಲ್ಲಿ 1.5ಕ್ಕೆ 1.5ರ ಸಮತಟ್ಟು, ಅಲ್ಲಿ ತಿರುಗಿ ಮತ್ತೆ 2.7. ಅಗಲ 1.2 ಮೀಟರ್. ಎರಡೂ ಬದಿ ಕೈಯಲ್ಲಿ ಹಿಡಿಯುವ ಕಂಬಿ, 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ ಎರಡು ಸಾಲು. ಕೊಳವೆ 38ರಿಂದ 45 ಮಿಲಿಮೀಟರ್ ದಪ್ಪ, ಮುಷ್ಟಿಯೊಳಗೆ ಕೂರುವಂತೆ. ತೆರೆದ ಅಂಚಿನಲ್ಲಿ ಚಕ್ರ ಹೊರಬೀಳದ ಹಾಗೆ 10 ಸೆಂಟಿಮೀಟರಿನ ಕಟ್ಟೆ.

ಮುಳ್ಳೇರಿಯ ಮೇಸ್ತ್ರಿ:
"ಗೋಡೆಗೆ ತಾಗಿ" ಅಂತ ಕಾಗದದಲ್ಲಿ ಬರೀಬಹುದು. ಗೋಡೆ ಬದಿಗೇ ಅಲ್ವಾ ಮಾಡಿನ ನೀರು ಬೀಳುದು! ಮುರಕಲ್ಲಿನ ಗೋಡೆ, ರ‍್ಯಾಂಪಿನ ಬದಿಗೆ ನೀರು ನಿಂತ್ರೆ ಬುಡ ಕರಗ್ತದೆ. ಮಾಡಿನ ನೀರು ಹಿಡಿಯಲಿಕ್ಕೆ ದಂಬೆ ಕಟ್ಟಬೇಕು, ರ‍್ಯಾಂಪಿಗೂ ಗೋಡೆಗೂ ನಡುವೆ ಚರಂಡಿ ಬಿಡಬೇಕು, ಚರಂಡಿ ದಾಟುವಲ್ಲಿ ಕಬ್ಬಿಣದ ಜಾಲಿ ಹಾಕಬೇಕು.

ಪೆರ್ಲದವ:
ಜಾಲಿ ಹಾಕಿದರಾಯಿತು, ಅದರಲ್ಲೇನಿದೆ? ಅಥವಾ ಅಂಗಳಕ್ಕೇ ಮಣ್ಣು ತುಂಬಿ 15 ಸೆಂಟಿಮೀಟರ್ ಎತ್ತರಿಸಿ. ಆಗ ಉಳಿಯುವುದು 30, ರ‍್ಯಾಂಪ್ 3.6 ಮೀಟರಿಗೆ ಇಳಿಯುತ್ತದೆ, ಅದೂ 1:12ರಲ್ಲೇ.

ಫಿಸಿಯೋ ನೀರ್ಚಾಲು:
ಜಾಲಿಯ ಸಂದು 12 ಮಿಲಿಮೀಟರಿಗಿಂತ ಹೆಚ್ಚಿರಬಾರದು, ಸರಳುಗಳು ದಾರಿಗೆ ಅಡ್ಡಲಾಗಿರಬೇಕು. ದಾರಿಯ ಉದ್ದಕ್ಕೆ ಹಾಕಿದರೆ ಮುಂದಿನ ಸಣ್ಣ ಚಕ್ರ ಸಂದಿಗೆ ಇಳಿದು ಕುರ್ಚಿ ಅಲ್ಲೇ ನಿಲ್ಲುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ.

ಮುಳ್ಳೇರಿಯ ಮೇಸ್ತ್ರಿ:
ಅಂಗಳ ಎತ್ತರಿಸುದಾ? ಗುಡ್ಡೆಯಿಂದ ಬರುವ ನೀರು ಆಗ ಎಲ್ಲಿಗೆ ಹೋಗುದು, ಚಾವಡಿಗಾ? ಹೊಸ ಮಣ್ಣು ಎರಡು ಮಳೆಗಾಲ ಕೂರದೆ ಗಟ್ಟಿಯಾಗುದಿಲ್ಲ, ಅದರ ಮೇಲೆ ಹಾಕಿದ ಕಾಂಕ್ರೀಟ್ ಬಿರುಕು ಬಿಟ್ಟೇ ಬಿಡ್ತದೆ. ಗೊತ್ತಿಲ್ಲದ ಕೆಲಸಕ್ಕೆ ಸಲಹೆ ಕೊಡ್ಬೇಡಿ.

ಪೆರ್ಲದವ:
ಗೊತ್ತಿಲ್ಲದ ಕೆಲಸ ಎಂದು ಹೇಳಲು ನಿಮಗೆ ಏನು ಅಧಿಕಾರ? ಮಣ್ಣನ್ನು 15 ಸೆಂಟಿಮೀಟರಿನ ಪದರವಾಗಿ ಹರಡಿ, ನೀರು ಹಾಕಿ ಧಮ್ಮಸು ಹೊಡೆದರೆ ಎರಡು ಮಳೆಗಾಲ ಕಾಯಬೇಕಿಲ್ಲ. ನಾನು ಹೇಳಿದ್ದೇ ಒಂದು ಪದರ.

ಟೀಚರ್ ಕುಂಬ್ಡಾಜೆ:
ಇಷ್ಟು ಹೊತ್ತು ಗಾಲಿಕುರ್ಚಿಯವರ ಮಾತೇ ಆಯಿತು. ಬಡ್ಸ್ ಪಟ್ಟಿಯಲ್ಲಿರುವ ಹೆಚ್ಚಿನವರದು ಬೌದ್ಧಿಕ ಅಂಗವೈಕಲ್ಯ, ಅವರು ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ಅವರಿಗೆ ಸ್ವತಂತ್ರ ಬದುಕು ಎಂದರೆ ತಾವೇ ಮೀಯುವುದು, ಗಂಜಿ ಬಡಿಸಿಕೊಳ್ಳುವುದು, ಅಂಗಡಿಗೆ ಹೋಗಿ ಬರುವುದು. ಕಲಿಸುವ ಕ್ರಮ ಇದೆ. ಸ್ನಾನವನ್ನು ಹತ್ತು ಹನ್ನೆರಡು ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು, ಕೊನೆಯ ಹೆಜ್ಜೆಯನ್ನು ಮೊದಲು ಕಲಿಸಬೇಕು. ಎಲ್ಲವನ್ನೂ ನಾವು ಮಾಡಿಸಿ, ಬೈರಾಸನ್ನು ಕೊಕ್ಕೆಗೆ ಹಾಕುವುದನ್ನು ಮಾತ್ರ ಅವರಿಗೆ ಬಿಡಬೇಕು. ಅದು ರೂಢಿಯಾದ ಮೇಲೆ ಮೈ ಒರೆಸುವುದು, ಆಮೇಲೆ ಅದರ ಹಿಂದಿನದು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ತಾನೇ ಎಂದು ಅವರಿಗೆ ಆಗುತ್ತದೆ. ನೆರವನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು: ಮೊದಲು ಕೈ ಹಿಡಿದು ಮಾಡಿಸುವುದು, ಮತ್ತೆ ಮೊಣಕೈ ಮುಟ್ಟುವುದಷ್ಟೇ, ಮತ್ತೆ ಬೆರಳು ತೋರಿಸುವುದು, ಕೊನೆಗೆ ಮಾತು, ಅದೂ ಬೇಡವಾಗುವವರೆಗೆ. ಕೆಡುವುದು ಎಲ್ಲಿ? ಶಾಲೆಯಲ್ಲಿ ಒಂದು ಕ್ರಮ, ಮನೆಯಲ್ಲಿ ಇನ್ನೊಂದು. ತಡವಾಗುತ್ತದೆಂದು ಮನೆಯವರೇ ತಂಬಿಗೆ ಕಿತ್ತುಕೊಂಡು ಮೀಯಿಸುವುದು. ಶಾಲೆಯ ಚಿತ್ರಹಲಗೆಯಲ್ಲಿ ಮಲಯಾಳಂ ಬರಹ, ಮನೆಯವರಿಗೆ ಓದಲು ಬರುವುದು ಕನ್ನಡ, ಹಾಗಾಗಿ ಹಲಗೆ ಚೀಲದಿಂದ ಹೊರಗೇ ಬರುವುದಿಲ್ಲ. ಇನ್ನೊಂದು ಮಾತು: ಈ ಯೋಜನೆಯ ಬಗ್ಗೆ ಅವರನ್ನು ಯಾರಾದರೂ ಕೇಳಿದ್ದಾರಾ? ಎರಡು ಚಿತ್ರ ಮುಂದಿಟ್ಟು ಕೇಳಿದರೆ ಉತ್ತರ ಕೊಡುವವರು ಎಷ್ಟೋ ಮಂದಿ ಇದ್ದಾರೆ.

ಮುಳ್ಳೇರಿಯ ಮೇಸ್ತ್ರಿ:
ಟೀಚರ್, "ಮೀಯುವುದು" ಅಂದ್ರಿ. ಬಚ್ಚಲಿಗೆ ಹಿಡಿಕೆ ಹಾಕುವವರು ಒಂದು ಗಮನಿಸಿ. ಮುರಕಲ್ಲಿಗೆ ಸಾದಾ ಆಂಕರ್ ಬೋಲ್ಟ್ ಹೊಡೆದ್ರೆ ಮೊದಲಿಗೆ ಗಟ್ಟಿ ಕಾಣ್ತದೆ, ಕಲ್ಲು ನೀರು ಕುಡಿದು ಮೆತ್ತಗಾದ ಮೇಲೆ ಸಡಿಲಾಗಿ, ಮೈಭಾರ ಹಾಕಿದ ದಿವಸ ಕಿತ್ತು ಬರ್ತದೆ. ಬೋಲ್ಟ್ ಗೋಡೆಯ ಆಚೆಗೆ ಹೋಗಬೇಕು, ಹೊರಗಿನಿಂದ ಕಬ್ಬಿಣದ ತಗಡು ಕೊಟ್ಟು ನಟ್ಟು ಬಿಗೀಬೇಕು. ಇಲ್ಲದಿದ್ರೆ ಆ ಜಾಗದ ಕಲ್ಲು ತೆಗೆದು ಕಾಂಕ್ರೀಟ್ ತುಂಬಿಸಬೇಕು.

ಫಿಸಿಯೋ ನೀರ್ಚಾಲು:
ಬಾಗಿಲನ್ನೂ ಹೇಳಿ ಮೇಸ್ತ್ರಿಗಳೇ. 90 ಸೆಂಟಿಮೀಟರ್ ತೆರವು ಬೇಕು, ಹಳೆಯ ಬಚ್ಚಲಿನದು 65, 70. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ನೂಕಲಾಗುವುದಿಲ್ಲ. ಆದರೂ ರ‍್ಯಾಂಪಿನ 1:8 ಒಪ್ಪಲಾರೆ.

ಸೀತಾಂಗೋಳಿ ಅಕ್ಕ:
ಸಾಕು ಮಾಡಿ! ಜಾಲಿಯ ಸಂದಿಯನ್ನು ಮಿಲಿಮೀಟರಿನಲ್ಲಿ ಅಳೆದಿರಿ, ರಾತ್ರಿ ಎರಡು ಗಂಟೆಗೆ ಯಾರು ಏಳುವುದು ಅಂತ ಕೇಳಿದ್ದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿಸಿದ್ದು 2000ಕ್ಕೆ ನಿಂತಿತು, ಆ ಕಾಲದಲ್ಲಿ ಹುಟ್ಟಿದ ಮಕ್ಕಳು ಈಗ ಮೂವತ್ತು, ನಲವತ್ತರ ಹತ್ತಿರ ಇದ್ದಾರೆ, ಅಮ್ಮಂದಿರಿಗೆ ಎತ್ತುವ ಶಕ್ತಿ ಇಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ 5 ಲಕ್ಷ ಪರಿಹಾರ ಒಂದೇ ಸಲದ್ದು, ಎತ್ತುವುದು ದಿನಾ. ಮನೆ ಮನೆ ಅಂತ ಹೇಳುವವರು ಆ ರಾತ್ರಿಗಳನ್ನು ಹೆಂಗಸರ ತಲೆಗೇ ಕಟ್ಟುತ್ತಿದ್ದೀರಿ.

ಪೆರ್ಲದವ:
ತಲೆಗೆ ಕಟ್ಟುತ್ತಿಲ್ಲ ಅಕ್ಕ. ಅತಿ ಹೆಚ್ಚು ನೆರವು ಬೇಕಾದವರಿಗೆ ಕಾಯ್ದೆಯಲ್ಲಿ 38ನೇ ಸೆಕ್ಷನ್ ಇದೆ. ಅರ್ಜಿ ಹಾಕಿದರೆ ಮಂಡಳಿ ಪರಿಶೀಲಿಸಿ ಎಷ್ಟು ಮತ್ತು ಯಾವ ನೆರವು ಎಂದು ಬರೆಯಬೇಕು. ರಾತ್ರಿ ಪಾಳಿಯನ್ನು ಅದರಲ್ಲೇ ಕೇಳೋಣ. ಮನೆಯವರಿಗೆ ಬಿಡುವು ಬೇಕಾದಾಗ ಕೆಲವು ದಿನ ಇರಲು ವಾರ್ಡಿನೊಳಗೇ, ಪೇಟೆಯ ಹತ್ತಿರ, ನಾಲ್ಕು ಹಾಸಿಗೆಯ ಒಂದು ಬಾಡಿಗೆ ಮನೆ ಸಾಕು.

ಸೀತಾಂಗೋಳಿ ಅಕ್ಕ:
"ನಾಲ್ಕು ಹಾಸಿಗೆಯ ಮನೆ" ಅಂದರೆ ವಸತಿ ಕೇಂದ್ರವೇ ಆಯಿತಲ್ಲ. ನಾನು ಮೊದಲಿನಿಂದ ಕೇಳಿದ್ದೂ ಅದೇ.

ಪೆರ್ಲದವ:
ಅದೇ ಅಲ್ಲ. ಹೋದವರು ನಾಲ್ಕು ದಿನಕ್ಕೆ ಮನೆಗೆ ವಾಪಸು ಬರುವುದು ಬೇರೆ, ರೇಶನ್ ಕಾರ್ಡಿನಿಂದ ಹೆಸರು ತೆಗೆಸಿ ಗುಡ್ಡೆಗೆ ಹತ್ತಿಸುವುದು ಬೇರೆ.

ಹೊಸಂಗಡಿ ವಕೀಲ:
38ರ ಅರ್ಜಿಯನ್ನು ಅವರ ಪರವಾಗಿ ಬೇರೆಯವರೂ ಹಾಕಬಹುದು, ಆದರೆ ಬಾಕಿ ಕಾಗದಗಳಿಗೆ ಸಹಿ ಯಾರದು? 18 ತುಂಬಿದ ಮೇಲೆ ತಾಯಿಯೂ ಕಾನೂನಿನ ಪ್ರಕಾರ ಪೋಷಕಳಲ್ಲ, ಬ್ಯಾಂಕಿನಲ್ಲಿ ಅಲ್ಲೇ ತಡೆಯುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ತೆಗೆದುಕೊಳ್ಳಬೇಕು. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಬೆನ್ನುಹುರಿ ಪೆಟ್ಟಿನವರು ತಮ್ಮ ಸಹಿ ತಾವೇ ಹಾಕಬಲ್ಲರು, ಅವರ ಹೆಸರಲ್ಲಿ ಅಣ್ಣನೋ ಮಾವನೋ ಒಪ್ಪಿಗೆ ಬರೆದುಕೊಟ್ಟರೆ ಅದು ನಡೆಯುವುದಿಲ್ಲ.

ಪೆರ್ಲದವ:
"ಪೋಷಕತ್ವ ತೆಗೆದುಕೊಳ್ಳಬೇಕು" ಎಂದು ಎಲ್ಲರಿಗೂ ಹೇಳಿ ಹೆದರಿಸಬೇಡಿ. 2016ರ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಸೀಮಿತ ಪೋಷಕತ್ವ ಇದೆ: ಒಂದು ಕೆಲಸಕ್ಕೆ, ಒಂದು ಅವಧಿಗೆ, ಇಬ್ಬರೂ ಕೂಡಿ ನಿರ್ಧರಿಸುವುದು.

ಟೀಚರ್ ಕುಂಬ್ಡಾಜೆ:
ಅವರನ್ನು ಕೇಳಿದ್ದಾರಾ ಎಂದು ಬರೆದಿದ್ದೆ. ಈಗಲೂ ಅದೇ ಕೇಳುತ್ತಿದ್ದೇನೆ.

ಮುಳ್ಳೇರಿಯ ಮೇಸ್ತ್ರಿ:
ಗ್ರಾಮಸಭೆಯಲ್ಲಿ ಎಂತ ಬೇಕಾದ್ರೂ ಬರೆಯಿರಿ. ಎಡವಪಾತಿ (ಮುಂಗಾರು ಮಳೆ) ಹಿಡಿಯುವ ಮೊದಲು ಕಾಂಕ್ರೀಟ್ ಬಿದ್ದು ಏಳು ದಿನ ಗೋಣಿ ಹೊದೆಸಿ ಆಗಬೇಕು, ಇಲ್ಲದಿದ್ರೆ ಈ ವರ್ಷ ಬಿಟ್ಟುಬಿಡಿ. ತಿರುವಿನ ರ‍್ಯಾಂಪ್ ಜಾಗ ಇದ್ದ ಮನೆಗೆ ಹಾಕುವ. ಜಾಗ ಇಲ್ಲದಲ್ಲಿ 1:10ಕ್ಕಿಂತ ಕಡಿಮೆ ಏರು ನನ್ನಿಂದಾಗುದಿಲ್ಲ.

ಫಿಸಿಯೋ ನೀರ್ಚಾಲು:
1:10 ಕೂಡ 15 ಸೆಂಟಿಮೀಟರ್ ಏರಿನವರೆಗೆ ಮಾತ್ರ. ಜಾಗ ಇಲ್ಲದ ಮನೆಗಳ ಪಟ್ಟಿ ಕೊಡಿ, ಹಿಂದಿನ ಬಾಗಿಲಲ್ಲಿ ಎಷ್ಟು ಮೆಟ್ಟಿಲು ಎಂದೂ ಬರೆಯಿರಿ. ಗುಡ್ಡೆ ಬದಿಯ ಮನೆಗಳಲ್ಲಿ ಅಡಿಗೆಕೋಣೆಯ ಹೊಸ್ತಿಲು ಅಂಗಳಕ್ಕೆ ಸಮವಾಗಿರುವುದೂ ಉಂಟು.